ಪಂಪ್‌ವೆಲ್‌ನಲ್ಲಿ ಕಾಲೂರಲು ಜಾಗ ಎಲ್ಲಿ?

ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಮೂರು ಥರದ ಸೈಕಲ್‌ಗಳು ಕಾಣುತ್ತವೆ. ಮೊದಲನೆಯದು ಗೇರ್ ಸೈಕಲ್. ಅದರ ಮೇಲೆ ಹೆಲ್ಮೆಟ್ಟು, ಕೈಗವಸು, ಮೈಗಂಟಿದ ಬಣ್ಣದ ಅಂಗಿ ತೊಟ್ಟ ಡಾಕ್ಟರೋ ಬ್ಯಾಂಕಿನವರೋ ಇರುತ್ತಾರೆ. ತೊಕ್ಕೊಟ್ಟಿನವರೆಗೆ ತುಳಿದು ಎಂಟರೊಳಗೆ ಮನೆ ಸೇರುವ ಲೆಕ್ಕ ಅವರದು. ಎರಡನೆಯದು ಕಪ್ಪು ಬಣ್ಣದ ಹಳೆ ಸೈಕಲ್. ಹ್ಯಾಂಡಲ್‌ಗೆ ಬುತ್ತಿಯ ಚೀಲ, ಕ್ಯಾರಿಯರ್‌ಗೆ ಕರಣೆ, ಮಟ್ಟಗೋಲು. ಅದು ಯಾವುದೋ ಕಟ್ಟಡದ ಸೈಟಿಗೆ ಹೊರಟ ಗಾರೆ ಕೆಲಸದವನದು. ಮೂರನೆಯದು ಅಪರೂಪದ್ದು. ಮಳೆಗಾಲ ಮುಗಿದ ಮೇಲೆ ಯಾವಾಗಲೋ ಒಮ್ಮೆ, ಚಕ್ರಗಳ ಎರಡೂ ಬದಿಗೆ ಚೀಲ ಇಳಿಬಿಟ್ಟುಕೊಂಡು, ಹಿಂದೆ ಪುಟ್ಟ ಬಾವುಟವೊಂದನ್ನು ಸಿಕ್ಕಿಸಿಕೊಂಡು, ಬಿಸಿಲಿಗೆ ಮೂಗು ಸುಲಿದ ಮುಖದಲ್ಲಿ ಉಡುಪಿ ಕಡೆಯಿಂದ ಇಳಿದು ಬರುತ್ತದೆ.

ಇವರಲ್ಲಿ ಯಾರು ಮಂಗಳೂರನ್ನು ಹಾದುಹೋಗಬೇಕಿದ್ದರೂ ಪಂಪ್‌ವೆಲ್ ತಪ್ಪಿಸುವುದು ಕಷ್ಟ. ಮುಂಬೈ ಪಕ್ಕದ ಪನ್ವೇಲ್‌ನಿಂದ ಕನ್ಯಾಕುಮಾರಿಯವರೆಗೆ ಕರಾವಳಿ ಹಿಡಿದು ಹೋಗುವ ರಾಷ್ಟ್ರೀಯ ಹೆದ್ದಾರಿ 66 ಇಲ್ಲಿಯೇ ಹಾದುಹೋಗುತ್ತದೆ. ಪಡೀಲ್, ಬಿ.ಸಿ. ರೋಡ್ ಮೂಲಕ ಘಟ್ಟದ ಕಡೆಯ ದಾರಿ ಬಂದು ಸೇರುವುದೂ ಇಲ್ಲಿಗೇ. ಕಂಕನಾಡಿಯ ಮೂಲಕ ಪೇಟೆಗೆ ಹೋಗುವವರೂ ಇಲ್ಲಿಯೇ ತಿರುಗಬೇಕು. ಕಾಗದದ ಮೇಲೆ ಇದು ಮಹಾವೀರ ವೃತ್ತ. ನಡುವೆ ದೊಡ್ಡದೊಂದು ಕಲಶವಿತ್ತು; ಮೇಲ್ಸೇತುವೆ ಬರುತ್ತದೆಂದು ಅದನ್ನು ಎತ್ತಿ ಬೇರೆಡೆ ಇಟ್ಟರು. ಬಸ್ ಕಂಡಕ್ಟರುಗಳ ಬಾಯಲ್ಲಿ ಮಾತ್ರ ಅದು ಅಂದೂ ಇಂದೂ ಪಂಪ್‌ವೆಲ್.

ಚೀಲ ಕಟ್ಟಿಕೊಂಡ ಆ ಮೂರನೆಯ ಸವಾರ ಸರ್ವೀಸ್ ರಸ್ತೆಯ ಬದಿಯಲ್ಲಿ ಒಂದು ಕಾಲು ಊರಿ ನಿಂತನೆಂದರೆ ಸಾಕು, ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತವೆ. ಮೊದಲು "ಓಡೆಗ್?" ತುಳು ಬಾರದವರೆಂದು ಗೊತ್ತಾದರೆ "ಎಲ್ಲಿಗೆ ಮಾರಾಯ್ರೆ?" ಅದಾದ ಮೇಲೆ ಎಲ್ಲಿಂದ, ದಿನಕ್ಕೆ ಎಷ್ಟು ಕಿಲೋಮೀಟರ್, ರಾತ್ರಿ ಎಲ್ಲಿ ಮಲಗುವುದು, ಮನೆಯವರು ಒಪ್ಪಿದರಾ. ಸೈಕಲ್‌ನ ಬೆಲೆಯ ಪ್ರಶ್ನೆ ತಪ್ಪದೆ ಬರುತ್ತದೆ, ಉತ್ತರ ಕೇಳಿದ ಮೇಲೆ "ಅಷ್ಟಕ್ಕೆ ಒಂದು ಒಳ್ಳೆ ಬೈಕೇ ಬರ್ತದಲ್ವಾ" ಎಂಬ ಮರುಪ್ರಶ್ನೆಯೂ. ಕೊನೆಗೆ ಆಟೋದವರೊಬ್ಬರು ಕಾಳಜಿಯಿಂದಲೇ ಹೇಳುತ್ತಾರೆ: "ಬಸ್ಸು ಉಂಟಲ್ವಾ, ಯಾಕೆ ಇಷ್ಟು ಕಷ್ಟ?"

ಸೈಕಲ್ ತುಳಿಯುವವರನ್ನು ಮಾತಿಗೆಳೆದರೆ ಅವರು ನೋಡಿದ ಊರಿಗಿಂತ ಸಿಕ್ಕಿದ ಮನುಷ್ಯರ ಸುದ್ದಿಯೇ ಹೆಚ್ಚು. ಚಡಾವಿನಲ್ಲಿ ಸೈಕಲ್ ತಳ್ಳುವಾಗ ಹಿಂದಿನಿಂದ ಕೈ ಕೊಟ್ಟವರು, ದಾರಿ ತಪ್ಪಿದಾಗ ಜೊತೆಗೇ ಅರ್ಧ ಮೈಲಿ ನಡೆದು ಬಂದವರು, ಬೊಂಡ ಕೆತ್ತಿ ಕೊಟ್ಟು ದುಡ್ಡು ಬೇಡವೆಂದವರು. ಇದನ್ನೆಲ್ಲ ಕೇಳುವವರು ಪುಣ್ಯ, ಯೋಗ, ಅದೃಷ್ಟ ಎಂದುಬಿಡುತ್ತಾರೆ. ಆದರೆ ಅದೃಷ್ಟದ ಪಾಲು ಇದರಲ್ಲಿ ಅಂದುಕೊಂಡಷ್ಟಿಲ್ಲ. ಆಕಸ್ಮಿಕ ಭೇಟಿಗೂ ಒಂದು ಏರ್ಪಾಡು ಬೇಕಾಗುತ್ತದೆ: ಮುಖ ಕಾಣುವಷ್ಟು ನಿಧಾನ, ಇನ್ನೊಬ್ಬರ ಹಂಗಿಗೆ ಬೀಳುವಷ್ಟು ಬಡತನದ ವಾಹನ, ನಿಲ್ಲಲು ನಾಲ್ಕಡಿ ನೆರಳು. ಮೊದಲಿನ ಎರಡನ್ನು ಸವಾರ ತಾನೇ ತರುತ್ತಾನೆ. ಮೂರನೆಯದನ್ನು ರಸ್ತೆ ಕೊಡಬೇಕು. ಅದನ್ನೇ ಈಗಿನ ರಸ್ತೆಗಳು ಕಿತ್ತುಕೊಳ್ಳುತ್ತಿರುವುದು.

ಲೆಕ್ಕ ಸರಳ. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಸೆಕೆಂಡಿಗೆ ನಾಲ್ಕು ಮೀಟರ್ ಚಿಲ್ಲರೆ ಸಾಗುತ್ತದೆ. 80ರಲ್ಲಿ ಹೋಗುವ ಕಾರು 22 ಮೀಟರ್. ಗೂಡಂಗಡಿಯ ಬೆಂಚಿನಲ್ಲಿ ಕೂತವರು ತಲೆ ಎತ್ತಿ, ನೋಡಿ, ಗುರುತು ಹತ್ತದೆ, ಆದರೂ ನಗುವಷ್ಟು ಹೊತ್ತು ಸೈಕಲ್‌ನವರು ಅವರ ಕಣ್ಣಳತೆಯಲ್ಲಿರುತ್ತಾರೆ. ಕಾರಿನವರು ಇರುವುದಿಲ್ಲ. ಇದ್ದರೂ ಗಾಜು ಏರಿಸಿರುತ್ತಾರೆ.

ಈ ಊರಿನಲ್ಲಿ ಸೈಕಲ್ ಮೇಲಿನ ಇಂಥ ಅನುಭವವನ್ನು ಬರಹಕ್ಕೆ ಇಳಿಸಿದವರಲ್ಲಿ ಮುಖ್ಯವಾಗಿ ನೆನೆಯಬೇಕಾದವರು ಜಿ.ಎನ್. ಅಶೋಕವರ್ಧನ. ಬಲ್ಮಠದ ಅತ್ರಿ ಬುಕ್ ಸೆಂಟರ್ ಎಂದರೆ ಒಂದು ತಲೆಮಾರಿನ ಕನ್ನಡ ಓದುಗರಿಗೆ ತೀರಾ ಪರಿಚಿತ ವಿಳಾಸ. 1975ರಲ್ಲಿ ಶುರುವಾದ ಅಂಗಡಿಯನ್ನು ಅವರು 2012ರಲ್ಲಿ ತಾವಾಗಿ ಮುಚ್ಚಿದರು. ಬೆಟ್ಟ ಹತ್ತುವುದು, ಬೈಕಿನಲ್ಲಿ ದೇಶ ಸುತ್ತುವುದು ಮೊದಲಿನಿಂದಲೂ ಇತ್ತು. ಅಂಗಡಿಯ ಬಾಗಿಲು ಹಾಕಿದ ಮೇಲೆ ಸಂಜೆಯ ಹೊತ್ತು ಸೈಕಲ್ಲಿಗೆ ಸಿಕ್ಕಿತು. ಮಂಗಳೂರಿನ ಸುತ್ತಣ ಒಳದಾರಿಗಳಲ್ಲಿ ತಾವು ಕಂಡದ್ದನ್ನು 'ಸೈಕಲ್ ಸರ್ಕೀಟ್' ಎಂಬ ಹೆಸರಿನಲ್ಲಿ ಬರೆಯುತ್ತ ಹೋದರು. ಬದಲಾಗುತ್ತಿರುವ ಊರಿನ ದಿನಚರಿ ಎಂದೂ ಅವನ್ನು ಓದಬಹುದು. ಮೂರೂವರೆ ದಶಕ ಪುಸ್ತಕದಂಗಡಿಯ ಕೌಂಟರಿನ ಹಿಂದೆ ಕೂತು ಬಂದಬಂದವರನ್ನು ಮಾತಾಡಿಸಿದ ಮನುಷ್ಯ, ಆಮೇಲೆ ತಾನೇ ಜನರಿರುವಲ್ಲಿಗೆ ತುಳಿದುಕೊಂಡು ಹೋಗಿದ್ದರಲ್ಲಿ ಆಶ್ಚರ್ಯವಿಲ್ಲ.

ಅಪರಿಚಿತರ ಜೊತೆ ಅತಿ ದೀರ್ಘ ಮಾತುಕತೆ ನಡೆಯುವ ಜಾಗ ಯಾವುದೆಂದು ಸೈಕಲ್‌ನವರನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಪಂಕ್ಚರ್ ಅಂಗಡಿ. ಅಲ್ಲಿನ ಕೆಲಸವೇ ಹಾಗೆ, ಅವಸರಕ್ಕೆ ಬಗ್ಗುವುದಿಲ್ಲ. ಎರಡು ಚಪ್ಪಟೆ ಕಬ್ಬಿಣ ಸಿಕ್ಕಿಸಿ ಟಯರಿನ ಅಂಚು ಎಬ್ಬಿಸಬೇಕು. ಟ್ಯೂಬು ಎಳೆದು, ಗಾಳಿ ತುಂಬಿ, ನೀರಿನ ಟಬ್ಬಿನಲ್ಲಿ ಗೇಣು ಗೇಣಾಗಿ ಮುಳುಗಿಸಬೇಕು. ಗುಳ್ಳೆ ಎದ್ದಲ್ಲಿ ಬೆರಳಿಟ್ಟು ಗುರುತು ಮಾಡಿ, ಒರೆಸಿ, ಅರದಿಂದ ಉಜ್ಜಿ, ಸೊಲ್ಯೂಷನ್ ಬಳಿದು, ಅದು ಆರುವವರೆಗೆ ಸುಮ್ಮನೆ ಕೂರಬೇಕು. ಊರು, ಕೆಲಸ, ಮಕ್ಕಳೆಷ್ಟು ಎಂಬುದೆಲ್ಲ ಈ ಸುಮ್ಮನಿರುವ ಹೊತ್ತಿನಲ್ಲಿ ಹೊರಬರುತ್ತದೆ. ಪ್ಯಾಚು ಅಂಟಿಸಿ ಸುತ್ತಿಗೆಯ ಹಿಡಿಯಿಂದ ತಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ; ಟಯರಿನ ಒಳಮೈಯಲ್ಲಿ ಬೆರಳಾಡಿಸಿ, ಚುಚ್ಚಿದ ತಂತಿಯ ಚೂರು ಅಲ್ಲೇ ಉಳಿದಿದೆಯೇ ಎಂದು ನೋಡಬೇಕು. ಅನುಭವಿ ಅಂಗಡಿಯವನು ಅದನ್ನು ಹುಡುಕಿ ತೆಗೆದು, ಸವಾರನ ಅಂಗೈ ಮೇಲೆ ಇಟ್ಟೇ ಮುಂದಿನ ಕೆಲಸಕ್ಕೆ ಕೈ ಹಾಕುವುದು.

ದುಬಾರಿ ಸೈಕಲ್‌ನವರು ಇಲ್ಲಿ ಒಂದು ವಿಷಯದಲ್ಲಿ ಪೆಚ್ಚಾಗುತ್ತಾರೆ. ಅವರ ಸಪೂರ ಚಕ್ರದ ವಾಲ್ವಿಗೆ ಮಾಮೂಲಿ ಪಂಪಿನ ಬಾಯಿ ಕೂರುವುದಿಲ್ಲ. ಹಿತ್ತಾಳೆಯ ಒಂದು ಪುಟ್ಟ ಅಡಾಪ್ಟರ್ ಬೇಕು. ಅದನ್ನು ಮನೆಯಲ್ಲಿ ಮರೆತು ಬಂದವನಿಗೆ, ಲಕ್ಷ ರೂಪಾಯಿಯ ಸೈಕಲ್ ಕೈಯಲ್ಲಿದ್ದರೂ, ಅಂಗಡಿಯವನು ಹಳೆ ವಾಲ್ವಿನ ತುಂಡಿನಲ್ಲಿ ಏನಾದರೂ ಉಪಾಯ ಹೂಡುವವರೆಗೆ ಗತಿಯಿಲ್ಲ. ಇಂಥ ಅಂಗಡಿಗಳು ಹೆದ್ದಾರಿ ಅಗಲವಾದಾಗಲೆಲ್ಲ ಮೊದಲು ಎದ್ದುಹೋಗುತ್ತವೆ. ಅವುಗಳಿಗೆ ಗೋಡೆಯಿಲ್ಲ, ಪಟ್ಟೆಯಿಲ್ಲ, ಆದ್ದರಿಂದ ಪರಿಹಾರದ ಪಟ್ಟಿಯಲ್ಲೂ ಹೆಸರಿಲ್ಲ. ಒಂದು ಮರ, ಅದಕ್ಕೆ ನೇತುಹಾಕಿದ ಹಳೆ ಟಯರು ಅವುಗಳ ಬೋರ್ಡು. ಮರ ಹೋದರೆ ಅಂಗಡಿಯೂ ಹೋಯಿತು.

ಸೈಕಲ್ ಮೇಲಿನ ಆಕಸ್ಮಿಕ ಭೇಟಿ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನೂರು ವರ್ಷದ ಹಿಂದಿನದೊಂದು ಪ್ರಸಂಗವಿದೆ. 1923ರ ಅಕ್ಟೋಬರ್‌ನಲ್ಲಿ ಮುಂಬೈಯ ಆರು ಮಂದಿ ಪಾರ್ಸಿ ಯುವಕರು ಸೈಕಲ್ ಮೇಲೆ ಪ್ರಪಂಚ ಸುತ್ತಲು ಹೊರಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭೂಮ್‌ಗರಾ ಈ ಮೂವರು 1928ರಲ್ಲಿ ಸುತ್ತು ಮುಗಿಸಿ ಊರಿಗೆ ಮರಳಿದರು. ಇವರು ಹೊರಟ ಕೆಲವೇ ತಿಂಗಳಿಗೆ, 1924ರಲ್ಲಿ, ಫ್ರಾಮ್‌ರೋಜ್ ದಾವರ್ ಎಂಬ ಇನ್ನೊಬ್ಬ ಪಾರ್ಸಿ ಒಬ್ಬಂಟಿಯಾಗಿ ಹೊರಟ. ಆತ ಕ್ರೀಡಾ ವರದಿಗಾರ. ಸುಮಾರು ಐದು ಸಾವಿರ ಕಿ.ಮೀ. ಏಕಾಂಗಿಯಾಗಿ ತುಳಿದು ವಿಯೆನ್ನಾ ಮುಟ್ಟಿದಾಗ ಅಲ್ಲಿ ಗುಸ್ತಾವ್ ಸ್ಟಾವ್‌ಯಾನಿಕ್ ಎಂಬ ಆಸ್ಟ್ರಿಯಾದ ಸೈಕಲಿಗ ಸಿಕ್ಕಿದ. ಜೊತೆಗೆ ಬರುತ್ತೇನೆಂದ. ಆಮೇಲೆ ಇಬ್ಬರೂ ಸಹಾರಾ ಮರುಭೂಮಿಯನ್ನೂ ಅಮೆಜಾನಿನ ಕಾಡನ್ನೂ ಕೂಡಿಯೇ ದಾಟಿದರು. ಪಯಣ ಮುಗಿದಾಗ 1931. ಒಂದು ಭಾಷೆಯವರಲ್ಲ, ಒಂದು ಧರ್ಮದವರಲ್ಲ, ಒಬ್ಬನ ದೇಶವನ್ನು ಬ್ರಿಟಿಷರು ಆಳುತ್ತಿದ್ದರು, ಇನ್ನೊಬ್ಬನ ದೇಶ ಮಹಾಯುದ್ಧದಲ್ಲಿ ಅದೇ ಬ್ರಿಟಿಷರ ಎದುರು ಸೋತಿತ್ತು. ಮದುವೆಯಾದವರೂ ಇಷ್ಟು ವರ್ಷ ಹಗಲಿರುಳು ಒಬ್ಬರ ಬೆನ್ನು ಒಬ್ಬರು ನೋಡಿಕೊಂಡು ಇರಲಾರರು.

ಮದುವೆಯ ಮಾತು ಬಂದದ್ದಕ್ಕೆ ಒಡಿಶಾದ ಪಿ.ಕೆ. ಮಹಾನಂದಿಯಾ ಕಥೆ. ದಲಿತ ಕುಟುಂಬದ ಹುಡುಗ, ದೆಹಲಿಯಲ್ಲಿ ಚಿತ್ರಕಲೆ ಓದುತ್ತ ಕನಾಟ್ ಪ್ಲೇಸ್‌ನಲ್ಲಿ ದಾರಿಹೋಕರ ಮುಖಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ. 1975ರ ಡಿಸೆಂಬರ್‌ನಲ್ಲಿ ಸ್ವೀಡನ್‌ನಿಂದ ಬಂದ ಷಾರ್ಲೊಟ್ ಫಾನ್ ಶೆಡ್ವಿನ್ ಚಿತ್ರ ಬರೆಸಿಕೊಳ್ಳಲು ಕೂತಳು. ಪ್ರೀತಿ ಹುಟ್ಟಿತು, ಆಕೆ ಊರಿಗೆ ಮರಳಿದಳು. ವಿಮಾನದ ಟಿಕೇಟಿಗೆ ಆತನಲ್ಲಿ ದುಡ್ಡಿಲ್ಲ. ಇದ್ದಬದ್ದದ್ದು ಮಾರಿ ಕೈದಾಟಿ ಬಂದ ಒಂದು ಸೈಕಲ್ ಕೊಂಡು 1977ರ ಜನವರಿಯಲ್ಲಿ ಹೊರಟ. ಅಫ್ಘಾನಿಸ್ತಾನ, ಇರಾನ್, ತುರ್ಕಿ. ದಾರಿಯುದ್ದಕ್ಕೂ ಚಿತ್ರ ಬರೆದುಕೊಟ್ಟರೆ ಊಟ, ಕೆಲವೊಮ್ಮೆ ಮಲಗಲು ಜಾಗ. ಮೇ ತಿಂಗಳ ಕೊನೆಗೆ ಯುರೋಪ್ ಮುಟ್ಟಿದ, ಕೊನೆಯ ಹಂತಕ್ಕೆ ರೈಲು ಹತ್ತಿದ. ಇಬ್ಬರೂ ಮದುವೆಯಾಗಿ ಸ್ವೀಡನ್‌ನಲ್ಲೇ ನೆಲೆಸಿದರು. ಪತ್ರಿಕೆಗಳು ಇದನ್ನು ಪ್ರೇಮಕಥೆ ಎಂದೇ ಬರೆಯುತ್ತ ಬಂದಿವೆ, ತಪ್ಪೇನಿಲ್ಲ. ಆದರೆ ಆ ನಾಲ್ಕು ತಿಂಗಳು ಹೆಸರು ಗೊತ್ತಿಲ್ಲದ ನೂರಾರು ಮಂದಿ ತಮ್ಮ ಮುಖವನ್ನು ಕಾಗದದ ಮೇಲೆ ನೋಡಿ ಆತನಿಗೆ ರೊಟ್ಟಿ ಕೊಟ್ಟರಲ್ಲ, ಅವರಿಲ್ಲದೆ ಪ್ರೇಮಕಥೆ ಕಾಬೂಲ್‌ನಾಚೆಗೆ ಹೋಗುತ್ತಿರಲಿಲ್ಲ.

ಕನ್ನಡನಾಡಿಗೆ ಇನ್ನೂ ಹತ್ತಿರದವರು ಐರ್ಲೆಂಡಿನ ಡರ್ವ್ಲಾ ಮರ್ಫಿ. 1973ರಲ್ಲಿ ಪುಟ್ಟ ಮಗಳನ್ನು ಕರೆದುಕೊಂಡು ಬಂದು ಕೊಡಗಿನಲ್ಲಿ ತಿಂಗಳುಗಟ್ಟಲೆ ಇದ್ದು, ಆ ಬಗ್ಗೆ 1976ರಲ್ಲಿ ಪುಸ್ತಕ ಬರೆದವರು. ಅವರಿಗೆ ಮೊದಲು ಹೆಸರು ತಂದದ್ದು ಮಾತ್ರ ಸೈಕಲ್. ಹತ್ತನೆಯ ಹುಟ್ಟುಹಬ್ಬಕ್ಕೆ ಒಂದು ಸೈಕಲ್ಲೂ ಒಂದು ಅಟ್ಲಾಸೂ ಉಡುಗೊರೆಯಾಗಿ ಬಂದವಂತೆ. ಭಾರತಕ್ಕೆ ತುಳಿದುಕೊಂಡೇ ಹೋಗಬೇಕೆಂದು ಅಂದೇ ಅಂದುಕೊಂಡ ಹುಡುಗಿ 1963ರಲ್ಲಿ, ಮೂವತ್ತು ದಾಟಿದ ಮೇಲೆ, ಹಾಗೆಯೇ ದೆಹಲಿಗೆ ಬಂದಳು. ಚೀಲದಲ್ಲಿ ಪಿಸ್ತೂಲು ಇತ್ತು, ಒಂದೆರಡು ಸಲ ತೆಗೆಯಬೇಕಾಗಿಯೂ ಬಂತು. ಆದರೆ ಆ ಪಯಣದಲ್ಲಿ ಆಕೆಯ ಪಕ್ಕೆಲುಬು ಮುರಿದದ್ದು ಸೈಕಲ್ ಮೇಲಿದ್ದಾಗ ಅಲ್ಲ. ಅಫ್ಘಾನಿಸ್ತಾನದಲ್ಲಿ ಸೈಕಲ್ ಬಿಟ್ಟು ಕಿಕ್ಕಿರಿದ ಬಸ್ಸು ಹತ್ತಿದಾಗ, ಜಗಳವೊಂದರ ನಡುವೆ ಬಂದೂಕಿನ ಹಿಡಿ ತಗುಲಿ. ಬಸ್ಸೇ ಹಿತವೆನ್ನುವ ಪಂಪ್‌ವೆಲ್‌ನ ಆಟೋದವರಿಗೆ ಇದನ್ನು ಯಾರಾದರೂ ಹೇಳಬೇಕು.

ಇಷ್ಟು ದೂರ ಹೋಗದೆಯೂ ಅಪರಿಚಿತರ ಒಂದು ಮಾತು ಏನು ಮಾಡಬಲ್ಲದೆಂಬುದಕ್ಕೆ ಪಂಪ್‌ವೆಲ್‌ನ ನೆರೆಯಲ್ಲಿಯೇ ಸಾಕ್ಷಿ ಇದೆ. ಪಡೀಲ್, ಕಣ್ಣೂರು ದಾಟಿ ಅಡ್ಯಾರಿಗೆ ತುಳಿದು, ಅಲ್ಲಿನ ಕಿಂಡಿ ಅಣೆಕಟ್ಟೆಯ ಸೇತುವೆ ಮೇಲೆ ನೇತ್ರಾವತಿ ದಾಟಿದರೆ ಹರೇಕಳ. ಬೆಳಗಿನ ಸೈಕಲ್‌ನವರಿಗೆ ಒಳ್ಳೆಯ ಸುತ್ತು. ಆ ಊರಿನ ಹಾಜಬ್ಬ ಬುಟ್ಟಿಯಲ್ಲಿ ಕಿತ್ತಳೆ ಹೊತ್ತು ಮಂಗಳೂರಿನಲ್ಲಿ ಮಾರುತ್ತಿದ್ದ ಕಾಲದಲ್ಲಿ ವಿದೇಶಿ ಪ್ರವಾಸಿಗರಿಬ್ಬರು ಇಂಗ್ಲಿಷಿನಲ್ಲಿ ಬೆಲೆ ಕೇಳಿದರು. ತುಳು, ಬ್ಯಾರಿ ಮಾತ್ರ ಬರುತ್ತಿದ್ದ ಅವರಿಗೆ ಉತ್ತರಿಸಲಾಗಲಿಲ್ಲ. ಕೇಳಿದವರು ಮುಂದೆ ಹೋದರು, ಬಹುಶಃ ಆ ಸಂಜೆಯೇ ಮರೆತರು. ಕೇಳಿಸಿಕೊಂಡವರು ಮರೆಯಲಿಲ್ಲ. ತಮ್ಮೂರ ಮಕ್ಕಳಿಗೆ ಈ ಗತಿ ಬೇಡವೆಂದು ಹಣ್ಣಿನ ಲಾಭದಲ್ಲಿ ಉಳಿಸಿ, ಕಚೇರಿಯಿಂದ ಕಚೇರಿಗೆ ಅಲೆದು, ನ್ಯೂಪಡ್ಪುವಿಗೆ ಶಾಲೆ ತಂದರು. 28 ಮಕ್ಕಳಿಂದ ಶುರುವಾದ ಶಾಲೆ. 2020ರ ಜನವರಿ 25ರಂದು ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಅದಾಗಿ ಆರನೆಯ ದಿನ, ಜನವರಿ 31ಕ್ಕೆ, ಪಂಪ್‌ವೆಲ್ ಮೇಲ್ಸೇತುವೆ ಉದ್ಘಾಟನೆಯಾಯಿತು. ಕೆಲಸ ಶುರುವಾಗಿ ಹತ್ತು ವರ್ಷ ಕಳೆದಿತ್ತು. ಗಡುವಿನ ಮೇಲೆ ಗಡುವು ಜಾರಿ, ಕೊನೆಕೊನೆಗೆ ಊರಿನವರ ಮೊಬೈಲುಗಳಲ್ಲಿ ಪಂಪ್‌ವೆಲ್ ಎಂದರೆ ಒಂದು ಹಾಸ್ಯದ ವಿಭಾಗವೇ ಆಗಿತ್ತು. ಈಗ ಉಡುಪಿಯಿಂದ ಕಾಸರಗೋಡಿಗೆ ಹೋಗುವ ವಾಹನ ಅರೆ ನಿಮಿಷದಲ್ಲಿ ಮೇಲಿನಿಂದ ಹಾದುಹೋಗುತ್ತದೆ. ಅದರಿಂದ ಅನುಕೂಲವಾಗಿಲ್ಲ ಎನ್ನುವವರು ಅಲ್ಲಿ ಹಿಂದೆ ಸಿಕ್ಕಿಹಾಕಿಕೊಂಡವರಲ್ಲ. ಪ್ರಶ್ನೆ ಕೆಳಗಿನದು. ಕೆಳಗೆ ಉಳಿದವರು ಬಸ್ಸಿಗೆ ಕಾಯುವವರು, ರಸ್ತೆ ದಾಟುವವರು, ಸೈಕಲ್‌ನವರು, ತಳ್ಳುಗಾಡಿಯವರು. ಅವರ ಪಾಲಿಗೆ ಬಂದಿರುವುದು ಕಂಬಗಳ ನಡುವಿನ ಕತ್ತಲೆ, ನಾಲ್ಕು ಕಡೆಯಿಂದ ನುಗ್ಗುವ ಬಸ್ಸು, ಜೋರು ಮಳೆ ಬಂದರೆ ಮೊಣಕಾಲು ಮುಟ್ಟುವ ನೀರು. ಅಲ್ಲಿ ನಿಂತು ಮಾತಾಡುವುದು ಹಾಗಿರಲಿ, ನಿಲ್ಲುವುದೇ ತಪ್ಪು ಎಂಬಂತೆ ಹಾರ್ನ್ ಬೀಳುತ್ತದೆ.

ದಾರಿಯಲ್ಲಿ ನಿಲ್ಲಲೂ ಜಾಗ ಬೇಕೆಂಬ ಸಂಗತಿ ತುಳುನಾಡಿನ ಹಳೆಯ ದಾರಿಗಳಿಗೆ ಗೊತ್ತಿತ್ತು. ಹೊರೆ ಹೊತ್ತು ನಡೆಯುವವರು ಇನ್ನೊಬ್ಬರ ನೆರವಿಲ್ಲದೆ ಇಳಿಸಿ, ಮತ್ತೆ ತಲೆಗೇರಿಸಿಕೊಳ್ಳಲು ಆಳೆತ್ತರದ ಹೊರೆಗಲ್ಲು. ಅಶ್ವತ್ಥದ ಸುತ್ತ ಕಟ್ಟೆ. ಬೇಸಗೆಯಲ್ಲಿ ಅರವಟ್ಟಿಗೆ, ಮಜ್ಜಿಗೆಯೋ ಪಾನಕವೋ. ಮನೆಯ ಅಂಗಳಕ್ಕೆ ಬಂದವರು ಯಾರೇ ಆಗಲಿ, ಹೆಸರು ಕೇಳುವ ಮೊದಲು ಬೆಲ್ಲ–ನೀರು. ಇದರಲ್ಲಿ ಎಲ್ಲವೂ ಚೆನ್ನಾಗಿತ್ತು ಎನ್ನುವಂತಿಲ್ಲ. ಆ ಕಟ್ಟೆಯ ಮೇಲೆ ಯಾರು ಕೂರಬಹುದು, ಆ ನೀರು ಯಾವ ಪಾತ್ರೆಯಲ್ಲಿ ಯಾರಿಗೆ ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು. ಅದನ್ನು ಮುಚ್ಚಿಟ್ಟು ಹಳೆಯದನ್ನು ಹೊಗಳುವುದು ಅಪ್ರಾಮಾಣಿಕ. ಆದರೂ ದಾರಿ ಕಟ್ಟಿದವರು ನಿಲ್ಲುವವರ ಬಗ್ಗೆ ಯೋಚಿಸಿದ್ದರು. ಹೆದ್ದಾರಿಯ ಈಗಿನ ಯೋಜನೆಯಲ್ಲಿ ನಿಲ್ಲುವವರಿಗೆ ಇರುವ ಒಂದೇ ಏರ್ಪಾಡು ಟೋಲ್ ಗೇಟು.

ಅಪರಿಚಿತರೆಲ್ಲ ದೇವರಂಥವರು ಎಂಬ ಧಾಟಿಯೂ ಬೇಡ. ಪುಣೆಯ ವೇದಾಂಗಿ ಕುಲಕರ್ಣಿ ಇಪ್ಪತ್ತರ ಹರೆಯದಲ್ಲಿ, 2018ರಲ್ಲಿ, 159 ದಿನಗಳಲ್ಲಿ ಸುಮಾರು 29,000 ಕಿ.ಮೀ. ತುಳಿದು ಭೂಮಿ ಸುತ್ತಿದರು. ಸ್ಪೇನ್‌ನಲ್ಲಿ ಚಾಕು ತೋರಿಸಿ ಅವರನ್ನು ದೋಚಿದರು. ಹೆಂಗಸರು ಸೈಕಲ್ ಮೇಲೆ ಕೂತರೆ 'ಎಲ್ಲಿಗೆ' ಎಂಬ ಪ್ರಶ್ನೆಯ ರಾಗವೇ ಬೇರೆಯಾಗುತ್ತದೆಂದು ಯಾವ ಊರಿನ ಯಾವ ಸವಾರಿಣಿಯನ್ನು ಕೇಳಿದರೂ ಹೇಳುತ್ತಾರೆ. ಸ್ಕೂಟರಿನಲ್ಲಿ ಹಿಂಬಾಲಿಸಿ ಬರುವವರು, ಪಕ್ಕದಲ್ಲಿ ನಿಧಾನ ಮಾಡಿ ಏನೋ ಅಂದು ಹೋಗುವವರು. ಹಾಗಾಗಿ ಅವರು ಗುಂಪಿನಲ್ಲಿ ಹೋಗುತ್ತಾರೆ, ಬೆಳಕು ಹರಿದ ಮೇಲೆ ಹೋಗುತ್ತಾರೆ, ಗೊತ್ತಿರುವ ದಾರಿಯಲ್ಲೇ ಹೋಗುತ್ತಾರೆ. ಆಕಸ್ಮಿಕ ಭೇಟಿಯ ಸೊಗಸನ್ನು ಕೊಂಡಾಡುವ ಬರಹಗಳಲ್ಲಿ ಹೆಚ್ಚಿನವು ಗಂಡಸರವು ಎಂಬುದು ಆಕಸ್ಮಿಕವಲ್ಲ. ದೀಪ ಇರುವ, ಅಂಗಡಿ ತೆರೆದಿರುವ, ನಾಲ್ಕು ಜನ ಕೂತಿರುವ ರಸ್ತೆ ಬೇಕೆಂದು ಅತಿ ಹೆಚ್ಚು ಒತ್ತಾಯಿಸಬೇಕಾದ ಕಾರಣವೂ ಇದೇ. ಗೂಡಂಗಡಿಯ ಬೆಂಚು ಮಾತಿಗೂ ಆಗುತ್ತದೆ, ಕಾವಲಿಗೂ ಆಗುತ್ತದೆ.

ಇನ್ನು ಮೊದಲು ಹೇಳಿದ ಆ ಎರಡನೆಯ ಸವಾರ, ಕರಣೆ ಕಟ್ಟಿಕೊಂಡವನು. ಅವನು ಬಾಗಲಕೋಟೆಯವನಿರಬಹುದು, ಒಡಿಶಾ, ಬಿಹಾರ, ಬಂಗಾಳದವನೂ ಇರಬಹುದು. ಮನೆಯಿಂದ ನೂರಾರು ಕಿ.ಮೀ. ದೂರ ಬಂದಿದ್ದಾನೆ, ದಿನವೂ ತುಳಿಯುತ್ತಾನೆ, ಕನ್ಯಾಕುಮಾರಿಗೆ ಹೊರಟವನಿಗಿಂತ ವರ್ಷದ ಲೆಕ್ಕದಲ್ಲಿ ಹೆಚ್ಚೇ ತುಳಿದಿರುತ್ತಾನೆ. ಅವನನ್ನು ತಡೆದು ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಯಾರೂ ಕೇಳಿದ್ದಿಲ್ಲ. ಬಾವುಟ ಕಟ್ಟಿದವನಿಗೆ ಪತ್ರಿಕೆಯಲ್ಲಿ ಫೋಟೊ, ಬುತ್ತಿ ಕಟ್ಟಿದವನಿಗೆ ಹಾರ್ನು. ಗೇರ್ ಸೈಕಲ್‌ನವರೂ ಅವನನ್ನು ಪಕ್ಕದಿಂದ ದಾಟಿಹೋಗುವಾಗ ಎದುರಿನಿಂದ ಬರುವ ಇನ್ನೊಂದು ಗೇರ್ ಸೈಕಲ್‌ಗೆ ಕೈ ಬೀಸುತ್ತಾರೆ.

ಅಪರಿಚಿತರನ್ನು ಮಾತಾಡಿಸಲು ನಮಗಿರುವ ಈ ಹಿಂಜರಿಕೆ ಮನಃಶಾಸ್ತ್ರಜ್ಞರಿಗೂ ಕುತೂಹಲ ಹುಟ್ಟಿಸಿದೆ. ಶಿಕಾಗೋದ ನಿಕೋಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬಿಬ್ಬರು ರೈಲು–ಬಸ್ಸಿನ ದಿನನಿತ್ಯದ ಪ್ರಯಾಣಿಕರಲ್ಲಿ ಕೆಲವರಿಗೆ ಪಕ್ಕದವರನ್ನು ಮಾತಾಡಿಸಿ ಎಂದೂ, ಕೆಲವರಿಗೆ ಸುಮ್ಮನೆ ಕೂರಿ ಎಂದೂ ಹೇಳಿ ನೋಡಿದರು. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಮಾತಾಡಿದವರ ಪ್ರಯಾಣವೇ ಹೆಚ್ಚು ಖುಷಿಯದಾಗಿತ್ತು. ಸ್ವಾರಸ್ಯವಿರುವುದು ಬೇರೆಡೆ: ಮೊದಲೇ ಊಹಿಸಿ ಎಂದಾಗ ಜನ ಹೇಳಿದ್ದು ಇದಕ್ಕೆ ಉಲ್ಟಾ, ಸುಮ್ಮನೆ ಕೂತರೇ ಸುಖ ಎಂದು. ಮಂಗಳೂರಿನ ಸಿಟಿ ಬಸ್ಸಿನಲ್ಲಿ ಈ ಪ್ರಯೋಗ ಮಾಡಲು ಹೊರಟರೆ ಸುಮ್ಮನೆ ಕೂರುವ ಗುಂಪನ್ನು ಹೊಂದಿಸುವುದೇ ಕಷ್ಟವಾದೀತು. ಆದರೆ ಅದೇ ಮನುಷ್ಯ ಕಾರು ಕೊಂಡ ಮರುದಿನದಿಂದ ಶಿಕಾಗೋದವನಾಗುತ್ತಾನೆ.

ದೂರದ ಸವಾರಿಯ ಒಂದು ಪದ್ಧತಿ ಅಪರಿಚಿತರ ಹಂಗನ್ನು ನಿಯಮವಾಗಿಯೇ ಒಪ್ಪಿಕೊಂಡಿದೆ. ಫ್ರಾನ್ಸಿನಲ್ಲಿ ಹುಟ್ಟಿ ಈಗ ಬೆಂಗಳೂರು ಸೇರಿ ದೇಶದ ಹಲವು ಊರುಗಳಲ್ಲಿ ನಡೆಯುವ ಬ್ರೆವೇ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ ಅವಧಿ. ಇದು ಪಂದ್ಯವಲ್ಲ, ಮೊದಲು ಬಂದವರಿಗೆ ಬಹುಮಾನವಿಲ್ಲ. ಹಿಂದೆ ಜೀಪಿನಲ್ಲಿ ನೀರು, ಟ್ಯೂಬು ಹೊತ್ತು ಬರುವ ನೆಂಟರಿಗೂ ಅವಕಾಶವಿಲ್ಲ. ರಾತ್ರಿ ಎರಡಕ್ಕೆ ಹಸಿವಾದರೆ ಲಾರಿಯವರ ಢಾಬಾ, ಟ್ಯೂಬು ಒಡೆದರೆ ಯಾರಾದರೂ ಪುಣ್ಯಾತ್ಮ. ದಾರಿಬದಿಯವರನ್ನು ನೆಚ್ಚಿಕೊಳ್ಳದೆ ಇದನ್ನು ಮುಗಿಸಿದವರು ಕಡಿಮೆ.

ಸೈಕಲ್‌ನವರು ಎಷ್ಟಿದ್ದಾರೆ, ಅವರಿಗಾಗಿ ರಸ್ತೆ ತಿದ್ದಬೇಕೇ ಎಂಬ ಮಾತು ಸಭೆಗಳಲ್ಲಿ ಬರುವುದುಂಟು. ರಾಜ್ಯ ಸರಕಾರವೇ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಿತು. ಕೊರೊನಾ ಕಾಲದಲ್ಲಿ ಆ ಯೋಜನೆ ನಿಂತಿತು. ಹದಿಮೂರು–ಹದಿನಾಲ್ಕು ವರ್ಷ ಹಂಚಿದ ಸೈಕಲ್‌ಗಳಿಗೆ ಸುರಕ್ಷಿತವಾದ ಒಂದು ಗೆರೆ ರಸ್ತೆಯಲ್ಲಿ ಎಳೆಯಬೇಕೆಂದು ಮಾತ್ರ ಹೆಚ್ಚಿನ ಊರುಗಳಲ್ಲಿ ಯಾರಿಗೂ ತೋಚಲಿಲ್ಲ. ಮೈಸೂರು 2017ರಲ್ಲಿ 450 ಸೈಕಲ್‌ಗಳ 'ಟ್ರಿಣ್ ಟ್ರಿಣ್' ಬಾಡಿಗೆ ವ್ಯವಸ್ಥೆ ತಂದಾಗ ದೇಶವೇ ತಿರುಗಿ ನೋಡಿತು. ಮಂಗಳೂರಿಗೆ ಅಷ್ಟು ದೊಡ್ಡದು ಸದ್ಯಕ್ಕೆ ಬೇಡ. ಇದು ಚಡಾವಿನ ಊರು, ಪಂಪ್‌ವೆಲ್‌ನ ತಗ್ಗಿನಿಂದ ನಂತೂರಿಗೆ ಏರುವಷ್ಟರಲ್ಲಿ ಗೇರ್ ಸೈಕಲ್‌ನವರ ಉಸಿರೂ ಮೇಲುಕೆಳಗಾಗುತ್ತದೆ. ಮೈಸೂರಿನ ನಕಲು ಇಲ್ಲಿ ಓಡದು.

ಬೇಕಾದದ್ದು ಚಿಕ್ಕಚಿಕ್ಕವು. ಕೋಪನ್‌ಹೇಗನ್ ನಗರದಲ್ಲಿ ಇಬ್ಬರು ಅಕ್ಕಪಕ್ಕ ತುಳಿಯುತ್ತ ಹರಟುವಷ್ಟು ಅಗಲದ ಸೈಕಲ್ ದಾರಿಗಳಿವೆ. ಸಿಗ್ನಲ್‌ಗಳಲ್ಲಿ ಸೀಟಿನಿಂದ ಇಳಿಯದೆ ಕಾಲಿಟ್ಟು ನಿಲ್ಲಲು ಕಬ್ಬಿಣದ ಮೆಟ್ಟಿಲುಪಟ್ಟಿಯನ್ನೂ ಅಲ್ಲಿನ ಆಡಳಿತ ಹಾಕಿಸಿದೆ. ಪಂಪ್‌ವೆಲ್‌ಗೆ ಮೊದಲು ಬೇಕಿರುವುದು ಮೇಲ್ಸೇತುವೆಯ ಕೆಳಗೆ ಹಗಲೂ ಉರಿಯುವ ದೀಪ, ನಾಲ್ಕೂ ದಿಕ್ಕಿನಿಂದ ಕಂಬದಿಂದ ಕಂಬಕ್ಕೆ ನಡೆದು–ತುಳಿದು ದಾಟಲು ಬಣ್ಣದ ಒಂದು ಪಟ್ಟಿ, ಸರ್ವೀಸ್ ರಸ್ತೆಯಲ್ಲಿ ಬಸ್ಸು ನುಗ್ಗದ ಒಂದು ಮಾರು ಅಗಲ. ಕಂಬಗಳ ನಡುವಿನ ಜಾಗದಲ್ಲಿ ಒಂದು ಕಟ್ಟೆ, ಕುಡಿಯುವ ನೀರಿನ ನಲ್ಲಿ, ಸರಪಳಿ ಹಾಕಿ ಕಟ್ಟಿದ ಕೈಪಂಪು, ಆ ಹಿತ್ತಾಳೆಯ ಅಡಾಪ್ಟರ್ ಸಮೇತ. ಪಂಕ್ಚರ್ ಹಾಕುವವರಿಗೆ, ಬೊಂಡ ಮಾರುವವರಿಗೆ ಅಲ್ಲಿಯೇ ಲೈಸನ್ಸ್ ಕೊಟ್ಟು ಕೂರಿಸಿದರೆ ಬಾಡಿಗೆ ಪಾಲಿಕೆಗೇ ಬರುತ್ತದೆ, ಜಾಗ ಕಾಯಲು ಬೇರೆ ಆಳೂ ಬೇಕಿಲ್ಲ. ಮಳೆನೀರು ನಿಲ್ಲದಂತೆ ಅಲ್ಲಿನ ಚರಂಡಿ, ರಾಜಕಾಲುವೆಯನ್ನು ಅಗೆಯುವ ಕೆಲಸ ಹೇಗೂ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಮುಂದಿನ ಸಲ ಅಗೆದ ಗುಂಡಿ ಮುಚ್ಚುವ ಮೊದಲು ಆ ಅಂದಾಜುಪಟ್ಟಿಗೆ ಈ ಐದಾರು ಸಾಲು ಸೇರಿಸಲು ಯಾವ ದೊಡ್ಡ ಯೋಜನೆಯೂ, ಯಾವ ಮಂತ್ರಿಯ ಶಂಕುಸ್ಥಾಪನೆಯೂ ಬೇಕಾಗುವುದಿಲ್ಲ.